ಗೀರಿಗೂ ಬೆಲೆಯುಂಟು

ಹುಬ್ಬಳ್ಳಿಯಲ್ಲಿ ಕೊಂಡ ಸ್ಪೀಕರ್ ಜೋಡಿಯನ್ನು ರೈಲಿನಲ್ಲಿ ಯಲವಿಗಿಗೆ ತಂದು ಪೆಟ್ಟಿಗೆ ಬಿಚ್ಚಿದಾಗ, ಒಂದರ ಮೈಮೇಲೆ ಬೆರಳುದ್ದದ ಗೀರು ಕಂಡಿತು. ಅಂಗಡಿಯವರಿಗೆ ಫೋನ್ ಮಾಡಿದೆ. ‘ದನಿ ಚಲೋ ಐತಲ್ಲರೀ, ಒಂದು ಗೀರಿಗ್ಯಾಕ ಇಷ್ಟು ತಕರಾರು?’ ಎಂದರು.

ಮಾತು ಅರ್ಧ ನಿಜ. ಗೀರು ಸಂಗೀತವನ್ನು ಕೆಡಿಸದು. ಆದರೆ ನಾನು ತೆತ್ತದ್ದು ಹೊಸ ವಸ್ತುವಿನ ಪೂರ್ಣ ಬೆಲೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಗುಣಮಟ್ಟದ ಕೊರತೆಯನ್ನೂ ದೋಷವೆಂದೇ ಪರಿಗಣಿಸುತ್ತದೆ. ರಸೀದಿಯಲ್ಲಿ ಬೇರೆ ಅವಧಿ ನಮೂದಾಗಿರದಿದ್ದರೆ, ದೋಷಯುಕ್ತ ಸರಕನ್ನು 30 ದಿನಗಳೊಳಗೆ ಹಿಂಪಡೆಯಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ.

ಇದನ್ನು ನೆನಪಿಸಿದ ಮೇಲೆ ಬೆಲೆಯಲ್ಲಿ ಕಡಿತ ಮಾಡಿದರು. ನಾನೂ ಗೀರಿನೊಂದಿಗೆ ರಾಜಿಯಾದೆ. ಹಳ್ಳಿಯ ಗ್ರಾಹಕ ಪೆಟ್ಟಿಗೆ ಹೊತ್ತು ಮರಳಿ ಬರಲಾರನೆಂಬ ಎಣಿಕೆ ಪೇಟೆಯಲ್ಲಿ ಬೇರೂರಬಾರದು. ಪೆಟ್ಟಿಗೆಯನ್ನು ಅಂಗಡಿಯಲ್ಲೇ ಬಿಚ್ಚಿಸೋಣ, ರಸೀದಿಯನ್ನು ಕೇಳಿ ಪಡೆಯೋಣ. ದೋಷವನ್ನು ಮನ್ನಿಸಬಹುದು, ಆದರೆ ಆ ತೀರ್ಮಾನ ಕೊಂಡವನದಾಗಿರಬೇಕು, ಮಾರಿದವನದಲ್ಲ.