ಗುಟ್ಟಿಗೆ ಕಟ್ಟಿದ ಬೆಲೆ

ಧರ್ಮಕ್ಕೂ ಜಮಾಖರ್ಚಿಗೂ ಏನು ಸಂಬಂಧ ಎನ್ನುವವರು ಅಮೆರಿಕದ ಸೈಂಟಾಲಜಿ ಪಂಥದ ಚರಿತ್ರೆಯನ್ನೊಮ್ಮೆ ಓದಬೇಕು. ಕಾಮರ್ಸ್ ವಿದ್ಯಾರ್ಥಿಯಾದ ನನಗಂತೂ ಅದು ದೇವರಿಗಿಂತ ಹೆಚ್ಚಾಗಿ ಲೆಡ್ಜರಿನ ವಿಷಯವಾಗಿ ಕಂಡಿತು.

ವೈಜ್ಞಾನಿಕ ಕಥೆಗಳನ್ನು ಬರೆಯುತ್ತಿದ್ದ ಎಲ್. ರಾನ್ ಹಬ್ಬರ್ಡ್ 1950ರಲ್ಲಿ 'ಡಯನೆಟಿಕ್ಸ್' ಎಂಬ ಪುಸ್ತಕ ಪ್ರಕಟಿಸಿದ. ಮನಸ್ಸಿನ ಹಳೇ ಗಾಯಗಳನ್ನು ಪ್ರಶ್ನೋತ್ತರದಿಂದಲೇ ತೊಳೆಯಬಹುದೆಂಬುದು ಅದರ ಸಾರ. ಪುಸ್ತಕ ಚೆನ್ನಾಗಿ ಖರ್ಚಾಯಿತು. ಮೂರ್ನಾಲ್ಕು ವರ್ಷದಲ್ಲಿ ಆ ಚಿಕಿತ್ಸೆಯೇ ಚರ್ಚ್ ಆಯಿತು. ಅಲ್ಲಿನ ಮುಖ್ಯ ವಿಧಿಯ ಹೆಸರು 'ಆಡಿಟಿಂಗ್'! (ನಮ್ಮ ಪೇಪರಿನ ಹೆಸರೂ ಅದೇ, ಪಾಸಾಗುವುದು ಮಾತ್ರ ಕಷ್ಟ.) ಭಕ್ತ ಕೈಗೊಂದರಂತೆ ಲೋಹದ ಡಬ್ಬಿ ಹಿಡಿದು ಕೂರಬೇಕು. ಆಡಿಟರ್ ಮೀಟರಿನ ಮುಳ್ಳು ನೋಡುತ್ತಾ ಪ್ರಶ್ನೆ ಕೇಳಿ, ಹೇಳಿದ್ದನ್ನೆಲ್ಲ ಫೈಲಿನಲ್ಲಿ ಬರೆದಿಡುತ್ತಾನೆ. ಮೆಟ್ಟಿಲು ಏರಿದಂತೆ ದರವೂ ಏರುತ್ತದೆ. ಮುಂಗಡ ಕಟ್ಟಿದರೆ ಶೇ. 5 ರಿಯಾಯಿತಿ ಇತ್ತೆಂಬ ಸಂಗತಿ ಅಮೆರಿಕದ ಸುಪ್ರೀಂ ಕೋರ್ಟಿನ ತೀರ್ಪಿನಲ್ಲೇ ಇದೆ.

"ನಮ್ಮ ದೇವಸ್ಥಾನದಲ್ಲಿ ಸೇವೆಯ ದರಪಟ್ಟಿ ಇಲ್ವೇನೋ?" ಅಂತ ಗೆಳೆಯನೊಬ್ಬ ಕೇಳಿದ. ಇದೆ. ಆದರೆ ಆ ಬೋರ್ಡು ಎಲ್ಲರಿಗೂ ಕಾಣುವಂತೆ ತೂಗುತ್ತದೆ. ಕುಂಕುಮಾರ್ಚನೆ ಅಂದರೆ ಏನು ಅಂತ ರಸೀತಿ ಹರಿಸುವ ಮೊದಲೇ ಗೊತ್ತಿರುತ್ತದೆ. ಮಾಡಿಸದವನಿಗೂ ತೀರ್ಥ ಸಿಗುತ್ತದೆ.

ಸೈಂಟಾಲಜಿಯ ಮೇಲಿನ ಮೆಟ್ಟಿಲಲ್ಲಿ ಏನಿದೆಯೆಂಬುದು ಅಲ್ಲಿಗೇರಿದವರಿಗೆ ಮಾತ್ರ. 'ಓಟಿ ಮೂರು' ಎಂಬ ಮೆಟ್ಟಿಲಿನ ಗುಟ್ಟು ಹೀಗಿದೆ: ಏಳೂವರೆ ಕೋಟಿ ವರ್ಷಗಳ ಹಿಂದೆ ಝೀನು ಎಂಬ ದೊರೆ ಅನ್ಯಗ್ರಹಗಳ ಜನರನ್ನು ಭೂಮಿಗೆ ತಂದು ಜ್ವಾಲಾಮುಖಿಗಳ ಬಳಿ ಕೊಂದನಂತೆ, ಅವರ ಆತ್ಮಗಳು ನಮಗೆ ಅಂಟಿಕೊಂಡಿವೆಯಂತೆ. 1985ರಲ್ಲಿ ಲಾಸ್ ಏಂಜಲೀಸಿನ ಕೋರ್ಟಿನ ಕಡತದಲ್ಲಿ ಇದು ಸೇರಿದಾಗ, ಬೇರೆಯವರ ಕೈಗೆ ಸಿಗದಿರಲೆಂದು ನೂರಾರು ಭಕ್ತರು ಅಲ್ಲಿ ಮುತ್ತಿದರು. ಕಥೆ ವಿಚಿತ್ರವೆಂದು ನಾನು ನಗುವುದಿಲ್ಲ. ನಮ್ಮ ಅಗಸ್ತ್ಯರು ಸಮುದ್ರವನ್ನೇ ಕುಡಿದವರು. ಅದನ್ನು ಕೇಳಲು ಅಜ್ಜಿಗೆ ಯಾರೂ ಫೀಸು ಕಟ್ಟಲಿಲ್ಲ ಅಷ್ಟೆ. ಗುಟ್ಟಾಗಿಡೆಂದು ಗುರು ಕೊಟ್ಟ ಮಂತ್ರವನ್ನು ರಾಮಾನುಜರು ಗೋಪುರ ಹತ್ತಿ ಕೂಗಿ ಹೇಳಿದ ಕಥೆ ಮೇಲುಕೋಟೆ ಕಡೆಯವರಿಗೆಲ್ಲ ಗೊತ್ತು.

ಒಳಗಿನ ವ್ಯವಸ್ಥೆ ಇನ್ನೂ ಬಿಗಿ. 1967ರಲ್ಲಿ ಹುಟ್ಟಿದ 'ಸೀ ಆರ್ಗ್' ಪಡೆಗೆ ಸೇರುವವರು ನೂರು ಕೋಟಿ ವರ್ಷಗಳ ಕರಾರಿಗೆ ಸಹಿ ಹಾಕುತ್ತಾರೆ. ಸರ್ಕಾರಿ ಕಚೇರಿಗಳಿಗೆ ನುಸುಳಿ ಕಾಗದ ಕದಿಯುತ್ತಿದ್ದ ಪಂಥದ ಗುಪ್ತ ವಿಭಾಗದ ಮೇಲೆ 1977ರಲ್ಲಿ ಪೊಲೀಸ್ ದಾಳಿ ನಡೆದು, ಹಬ್ಬರ್ಡನ ಹೆಂಡತಿಯೂ ಸೇರಿ ಹನ್ನೊಂದು ಮಂದಿಗೆ ಶಿಕ್ಷೆಯಾಯಿತು. ಪಂಥ ಬಿಟ್ಟು ಎದುರು ಮಾತಾಡಿದವನಿಗೆ 'ಸಪ್ರೆಸಿವ್ ಪರ್ಸನ್' ಎಂಬ ಪಟ್ಟ. ಆಮೇಲೆ ಒಳಗಿರುವ ತಾಯಿ, ಮಗಳು, ಯಾರೇ ಆಗಲಿ, ಅವನೊಡನೆ ಮಾತು ಬಿಡುತ್ತಾರೆ. ಅದು ಅವರವರ ಇಷ್ಟ ಎನ್ನುತ್ತದೆ ಚರ್ಚ್. ತನ್ನ ಮನಸ್ಸಿನ ಮಾತೆಲ್ಲ ಫೈಲಿನಲ್ಲಿರುವಾಗ ಇಷ್ಟ ಎಂಬುದು ಎಷ್ಟರ ಮಟ್ಟಿಗೆ ಉಳಿದೀತು?

ಆಡಿಟಿಂಗಿಗೆ ಕೊಟ್ಟ ಹಣ ದಾನವಲ್ಲ, ಸೇವೆಗೆ ತೆತ್ತ ಬೆಲೆ ಎಂದು 1989ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತ್ತು. ಹಾಗಿದ್ದೂ 1993ರಲ್ಲಿ ತೆರಿಗೆ ಇಲಾಖೆ 1 ಕೋಟಿ 25 ಲಕ್ಷ ಡಾಲರ್ ಪಡೆದು ರಾಜಿಯಾಗಿ, ಪಂಥಕ್ಕೆ ವಿನಾಯಿತಿ ಕೊಟ್ಟಿತು. ನನಗೆ ಕೋರ್ಟಿನ ಮಾತೇ ಸರಿ ಕಾಣುತ್ತದೆ. ಅಲ್ಲಿ ಚರ್ಚ್ ಎನಿಸಿಕೊಂಡ ಸಂಸ್ಥೆ ಪ್ರತಿವರ್ಷ ಲೆಕ್ಕಪತ್ರ ಸಲ್ಲಿಸಬೇಕಾಗಿಯೂ ಇಲ್ಲ. ವಿನಾಯಿತಿ ಕೊಡುವ ದಿನ ಆ ಒಂದು ಷರತ್ತನ್ನಾದರೂ ಹಾಕಬೇಕಿತ್ತು.