ಊರ ಮೋರಿಯ ನೀರಿನ ಕ್ರಿಮಿಶುದ್ಧಿ

ಮೈಸೂರು ಸಂಸ್ಥಾನಕ್ಕೆ ದಳವಾಯಿಗಳನ್ನು ಕೊಟ್ಟ ಕಳಲೆಯೂ, ಶ್ರೀಕಂಠೇಶ್ವರನ ಸನ್ನಿಧಿಯಾದ ನಂಜನಗೂಡೂ, ಸಂಗಮಕ್ಷೇತ್ರವಾದ ತಿರುಮಕೂಡಲು ನರಸೀಪುರವೂ ಕಬಿನಿಯನ್ನು ನಂಬಿದ ಸೀಮೆಗೆ ಸೇರಿದವು. ಇಲ್ಲಿನ ಬತ್ತ, ಕಬ್ಬು, ಬಾಳೆಗಳೆಲ್ಲವೂ ಆ ನದಿಯ ಕೃಪೆಯೇ ಸರಿ. ಇಂತಿದ್ದರೂ, 2018ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ಪ್ರಕಟಿಸಿದ ಮಲಿನ ನದೀಭಾಗಗಳ ಪಟ್ಟಿಯಲ್ಲಿ ಕರ್ನಾಟಕದ 17 ಭಾಗಗಳು ಸೇರಿದ್ದು, ನಂಜನಗೂಡಿನಿಂದ ಹೆಜ್ಜಿಗೆಯವರೆಗಿನ ಕಬಿನಿಯೂ ಅವುಗಳಲ್ಲೊಂದಾಗಿತ್ತು. ಇದಕ್ಕೆ ಪಟ್ಟಣಗಳೂ ಕಾರ್ಖಾನೆಗಳೂ ಮಾತ್ರವೇ ಹೊಣೆಯೆಂದು ಹೇಳಿ ಗ್ರಾಮಗಳು ಸುಮ್ಮನಿರುವುದು ಉಚಿತವಲ್ಲ. ಬಚ್ಚಲು, ಕೊಟ್ಟಿಗೆ, ಶೌಚಗುಂಡಿಗಳಿಂದ ಮೋರಿಗಿಳಿದ ನೀರು ಕೆರೆಗೋ ನಾಲೆಗೋ ಸೇರಿ, ಕಡೆಗೆ ಹೊಳೆಯನ್ನೇ ಮುಟ್ಟುತ್ತದೆ. ಮೇಲಿನ ಊರಿನ ಮೋರಿಯೇ ಕೆಳಗಿನ ಊರಿನ ಸ್ನಾನಘಟ್ಟವಾಗುವುದೆಂಬುದನ್ನು ಯಜಮಾನರು ಮರೆಯತಕ್ಕದ್ದಲ್ಲ.

ಕೊಳಚೆಯ ನೀರಿನಿಂದ ವಾಂತಿಭೇದಿ, ವಿಷಮಶೀತಜ್ವರಗಳು ಹರಡುವುದು ಹಿಂದಿನಿಂದಲೂ ತಿಳಿದ ವಿಷಯವೇ. ಈಗ ಅದಕ್ಕಿಂತಲೂ ಘೋರವಾದ ಮತ್ತೊಂದು ಕೇಡು ಕೂಡಿಕೊಂಡಿದೆ. ರೋಗಕ್ರಿಮಿಗಳನ್ನು ಕೊಲ್ಲುವ ಆಂಟಿಬಯಾಟಿಕ್ ಔಷಧಗಳಿಗೆ ಕೆಲವು ಕ್ರಿಮಿಗಳು ಬಗ್ಗದಂತಾಗಿವೆ. ಔಷಧದ ಅಂಶವೂ, ಅದಕ್ಕೆ ಬಗ್ಗದ ಕ್ರಿಮಿಗಳೂ, ಸಾಧಾರಣ ಕ್ರಿಮಿಗಳೂ ಒಂದೇ ಮೋರಿಯಲ್ಲಿ ಕೂಡಿದಾಗ, ಬಗ್ಗದ ಗುಣವು ಒಂದು ಜಾತಿಯ ಕ್ರಿಮಿಯಿಂದ ಮತ್ತೊಂದು ಜಾತಿಗೂ ದಾಟುತ್ತದೆ. ದೆಹಲಿಯಲ್ಲಿ ಬೀದಿಯ ನಿಂತ ನೀರಿನ 171 ಮಾದರಿಗಳನ್ನು ಪರೀಕ್ಷಿಸಲಾಗಿ, 51ರಲ್ಲಿ ಅತಿ ಪ್ರಬಲವಾದ ಔಷಧಗಳನ್ನೂ ನಿಷ್ಫಲಗೊಳಿಸುವ ಇಂತಹ ಗುಣದ ಬೀಜಾಂಶವು ಕಂಡುಬಂದಿತೆಂದು 2011ರಲ್ಲಿ ಪ್ರಕಟವಾಯಿತು. 2019ನೆಯ ಒಂದೇ ವರ್ಷದಲ್ಲಿ ಪ್ರಪಂಚದಲ್ಲಿ ಸುಮಾರು 12 ಲಕ್ಷ 70 ಸಾವಿರ ಮಂದಿ ಇಂತಹ ಕ್ರಿಮಿಗಳಿಂದಲೇ ಮೃತರಾದರೆಂದು ತಜ್ಞರು ಅಂದಾಜು ಮಾಡಿದ್ದಾರೆ. ಬಾಣಂತಿಯ ಜ್ವರಕ್ಕಾಗಲಿ, ಗುದ್ದಲಿ ತಗುಲಿದ ಕಾಲಿನ ಗಾಯಕ್ಕಾಗಲಿ ಕೊಟ್ಟ ಔಷಧವು ಕೆಲಸಮಾಡದೆ ಹೋದರೆ, ಆ ಮನೆಯ ಪಾಡು ಏನಾದೀತೆಂದು ವಿವರಿಸಬೇಕಾದುದಿಲ್ಲ.

ಇದಕ್ಕೆ ಗ್ರಾಮಗಳಲ್ಲಿ ಸಾಧಾರಣವಾಗಿ ಕೈಗೊಳ್ಳುವ ಉಪಾಯವೆಂದರೆ, ಜಾತ್ರೆಗೆ ಮುಂಚೆ ಅಥವಾ ಬೇನೆ ಬಂದ ಮೇಲೆ ಮೋರಿಯ ಉದ್ದಕ್ಕೂ ಬ್ಲೀಚಿಂಗ್ ಪುಡಿಯನ್ನು ಎರಚುವುದು. ಇದು ಕಣ್ಣಿಗೆ ಬೆಳ್ಳಗೆ ಕಾಣುವುದೇ ಹೊರತು ಹೆಚ್ಚಿನ ಫಲವನ್ನು ಕೊಡಲಾರದು. ಏಕೆಂದರೆ ಪುಡಿಯಲ್ಲಿರುವ ಕ್ಲೋರಿನ್ ಮೊದಲು ನೀರಿನ ಕಸಕಲ್ಮಷದೊಡನೆ ಬೆರೆತು ತೀರಿಹೋಗುತ್ತದೆ. ಗಂಜಲದಿಂದ ಹುಟ್ಟಿದ ಅಮೋನಿಯಾ ಸೇರಿದರೆ ಅದರ ಶಕ್ತಿಯು ಬಹಳ ಕುಂದುತ್ತದೆ. ರಾಡಿಯ ಕಣಗಳೊಳಗೆ ಅಡಗಿದ ಕ್ರಿಮಿಗಳನ್ನು ಅದು ಮುಟ್ಟುವುದೇ ಇಲ್ಲ. ಜಂತುಹುಳುವಿನ ಮೊಟ್ಟೆಗಳಂತೂ ಅದಕ್ಕೆ ಜಗ್ಗುವುದಿಲ್ಲ. ಬಾಯಿ ತೆರೆದಿಟ್ಟ ಚೀಲದ ಪುಡಿಯು ದಿನೇ ದಿನೇ ಸತ್ವಗುಂದುತ್ತದೆ. ಅಳತೆಗೆಟ್ಟು ಹಾಕಿದರೆ ಕೆರೆಯ ಮೀನುಗಳು ಸಾಯುತ್ತವೆ. ಕುಡಿಯುವ ತಿಳಿನೀರಿನಲ್ಲಿ ಇದೇ ಪುಡಿಯನ್ನು ತಕ್ಕ ಪ್ರಮಾಣದಲ್ಲಿ ಬೆರೆಸಿ ಅರ್ಧ ಗಂಟೆ ಬಿಟ್ಟರೆ ಉತ್ತಮ ಫಲವು ದೊರೆಯುವುದು. ಆದಕಾರಣ ದೋಷವು ಪುಡಿಯದಲ್ಲ, ಅದನ್ನು ಹಾಕುವ ಸಂದರ್ಭದ್ದು.

ಸರಿಯಾದ ಕ್ರಮವೆಂದರೆ ಮೊದಲು ನೀರನ್ನು ನಿಲ್ಲಿಸಿ ತಿಳಿಗೊಳಿಸುವುದು; ಕ್ಲೋರಿನ್ನಿನ ಕೆಲಸ ಕಡೆಯದು. ಮೋರಿಯ ಕೊನೆಯಲ್ಲಿ ಒಂದರ ನಂತರ ಒಂದರಂತೆ ಮೂರು ಹೊಂಡಗಳನ್ನು ತೋಡಿ, ನೀರು ಹತ್ತು ದಿನಗಳ ಕಾಲ ಮೆಲ್ಲನೆ ಸಾಗುವಂತೆ ಮಾಡಿದರೆ, ರಾಡಿಯೂ ಜಂತಿನ ಮೊಟ್ಟೆಗಳೂ ತಳಕ್ಕಿಳಿಯುತ್ತವೆ; ಬಿಸಿಲೂ ಗಾಳಿಯೂ ಕ್ರಿಮಿಗಳಲ್ಲಿ ಬಹುಪಾಲನ್ನು ನಾಶಪಡಿಸುತ್ತವೆ. ಇಷ್ಟಾದ ಮೇಲೆ, ಅವಶ್ಯವಿದ್ದಲ್ಲಿ ಕೊನೆಯ ಹೊಂಡದಿಂದ ಹೊರಬೀಳುವ ನೀರಿಗೆ ಮಾತ್ರ ಕ್ಲೋರಿನ್ ಬೆರೆಸಿದರೆ ಅಲ್ಪ ವೆಚ್ಚದಲ್ಲಿಯೇ ಕಾರ್ಯಸಿದ್ಧಿಯಾಗುತ್ತದೆ. ಹೊಂಡಗಳ ಅಂಚಿನ ಕಳೆಯನ್ನು ತೆಗೆಸುತ್ತಿದ್ದರೆ ಸೊಳ್ಳೆಗಳ ಕಾಟವು ಹೆಚ್ಚದು. ತಳದ ಹೂಳನ್ನು ಎತ್ತಿದೊಡನೆ ಹೊಲಕ್ಕೆ ಹಾಕದೆ, ಬಹುಕಾಲ ಒಣಗಿಸಿ ಕೊಳೆಯಿಸಿದ ಮೇಲೆಯೇ ಗೊಬ್ಬರವಾಗಿ ಬಳಸತಕ್ಕದ್ದು.

ಇದಕ್ಕೆ ಬರುವ ಮುಖ್ಯವಾದ ಆಕ್ಷೇಪಣೆಯು ಭೂಮಿಯದು. ಒಳ್ಳೆಯ ಜಮೀನನ್ನು ಕೊಳಚೆಗೆ ಬಿಟ್ಟುಕೊಡುವುದು ಹೇಗೆಂದು ಭೂಮಾಲೀಕರು ಕೇಳುವುದು ಸಹಜ. ಲೆಕ್ಕವನ್ನು ನೋಡೋಣ. ಸಾವಿರ ಜನರಿರುವ ಊರಿನಲ್ಲಿ ತಲೆಗೆ ದಿನಕ್ಕೆ 40 ಲೀಟರು ನೀರು ಮೋರಿಗೆ ಹೋಗುವುದೆಂದು ಇಟ್ಟುಕೊಂಡರೆ, ಹತ್ತು ದಿನಗಳಿಗೆ 4 ಲಕ್ಷ ಲೀಟರು. ಒಂದು ಮೀಟರು ಆಳದ ಹೊಂಡಗಳಿಗೆ 400 ಚದರ ಮೀಟರು, ಎಂದರೆ ಸುಮಾರು 4 ಗುಂಟೆ ನೆಲ ಸಾಕು. ಏರಿ, ದಾರಿಗಳನ್ನು ಸೇರಿಸಿದರೂ 7 ಗುಂಟೆಯನ್ನು ಮೀರದು. ಸಾವಿರ ಜನರ ಕ್ಷೇಮಕ್ಕೆ ಇದು ದೊಡ್ಡ ತ್ಯಾಗವಲ್ಲ. ಊರ ಗೋಮಾಳದಂತೆ ಇದೂ ಸಾರ್ವಜನಿಕ ಸ್ವತ್ತಾಗಿ ನಿಲ್ಲಬೇಕು. 2020ರಲ್ಲಿ ಆರಂಭವಾದ ಸ್ವಚ್ಛ ಭಾರತ ಗ್ರಾಮೀಣ ಯೋಜನೆಯ ಎರಡನೆಯ ಹಂತದಲ್ಲಿ ಬಚ್ಚಲ ನೀರಿನ ವಿಲೇವಾರಿಯನ್ನೂ ಸೇರಿಸಲಾಯಿತು. ಆದರೆ ಹಣವು ಎಲ್ಲಿಂದ ಬಂದರೂ ನೆಲವನ್ನು ಗುರುತಿಸುವ ಮನಸ್ಸು ಊರಿನಿಂದಲೇ ಹುಟ್ಟಬೇಕು.

ಭೂಮಾಲೀಕರಿಗೆ ಇದರಿಂದ ಲಾಭವೂ ಉಂಟು. 2018ರಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಬರಪೀಡಿತವಾದ ಕೋಲಾರದ ಕೆರೆಗಳಿಗೆ ಹರಿಯತೊಡಗಿತು. ಆ ಸಂದರ್ಭದಲ್ಲಿ ಎದ್ದ ವಾದವಿವಾದವೆಲ್ಲ ನೀರನ್ನು ಎಷ್ಟರಮಟ್ಟಿಗೆ ಶುದ್ಧಿಮಾಡಬೇಕೆಂಬುದನ್ನು ಕುರಿತದ್ದು. ಕೊಳಚೆಯೂ ಒಂದು ಸಂಪತ್ತೆಂಬುದು ಅದರಿಂದ ಸ್ಪಷ್ಟವಾಯಿತು. ಹೊಂಡದಲ್ಲಿ ತಿಳಿಯಾದ ನೀರು ತೆಂಗಿಗೂ ಮೇವಿನ ಬೆಳೆಗೂ ಒದಗುವುದು. ಹಸಿಯಾಗಿ ತಿನ್ನುವ ಸೌತೆ, ಮೂಲಂಗಿ, ಕೊತ್ತಂಬರಿ ಸೊಪ್ಪುಗಳಿಗೆ ಮಾತ್ರ ಅದನ್ನು ಹಾಯಿಸತಕ್ಕದ್ದಲ್ಲ.

ಮೋರಿಯನ್ನು ಶುದ್ಧಿಮಾಡುವುದಷ್ಟೇ ಸಾಲದು. ಅದಕ್ಕೆ ಔಷಧವು ಇಳಿಯದಂತೆಯೂ ನೋಡಬೇಕು. ದನಕ್ಕೆ ಕೆಚ್ಚಲುಬಾವು ಬಂದಾಗ ಕೊಟ್ಟ ಔಷಧದ ಗಣನೀಯವಾದ ಪಾಲು ಹಾಲು, ಸಗಣಿ, ಗಂಜಲಗಳಲ್ಲಿ ಹೊರಬರುತ್ತದೆ. ಪಶುವೈದ್ಯರ ಚೀಟಿಯಿಲ್ಲದೆ ಅಂಗಡಿಯಿಂದ ಔಷಧವನ್ನು ತರುವುದೂ, ಎರಡು ದಿನ ಕೊಟ್ಟು ನಿಲ್ಲಿಸುವುದೂ, ಉಳಿದದ್ದನ್ನು ಚರಂಡಿಗೆ ಸುರಿಯುವುದೂ ನಿಲ್ಲಬೇಕು. ಮನುಷ್ಯರಿಗೆ ಕಟ್ಟಕಡೆಯ ಆಸರೆಯಾದ ಕೊಲಿಸ್ಟಿನ್ ಔಷಧವನ್ನು ಕೋಳಿ ಮೊದಲಾದ ಆಹಾರಪ್ರಾಣಿಗಳಿಗೆ ಬಳಸುವುದನ್ನು ಭಾರತ ಸರ್ಕಾರವು 2019ರಲ್ಲಿಯೇ ನಿಷೇಧಿಸಿತು. ಕೋಳಿ ಸಾಕುವವರು ಈ ನಿಷೇಧವನ್ನು ಚೆನ್ನಾಗಿ ತಿಳಿದಿರಬೇಕು.

ಕಾನೂನುಗಳೂ ಯಂತ್ರಗಳೂ ಪಟ್ಟಣಗಳಿಗೆ ಅವಶ್ಯವೇ. ಗ್ರಾಮಕ್ಕೆ ಬೇಕಾದುದು ಏಳು ಗುಂಟೆ ನೆಲ, ಮೂರು ಹೊಂಡ, ಮತ್ತು ಯಜಮಾನರ ಒಂದು ನಿಶ್ಚಯ. ಮುಂದಿನ ಗ್ರಾಮಸಭೆಯಲ್ಲಿ ಪುಡಿಯ ಚೀಲಗಳ ಲೆಕ್ಕವನ್ನು ಓದುವುದಕ್ಕೆ ಮೊದಲು, ಮೋರಿಯ ಕೊನೆ ಎಲ್ಲಿದೆ, ಅಲ್ಲಿ ಯಾರ ಜಮೀನಿದೆ ಎಂಬ ಪ್ರಶ್ನೆಯನ್ನು ಎತ್ತಿದರೆ ಅರ್ಧ ಕಾರ್ಯವು ಮುಗಿದಂತೆಯೇ ಸರಿ.