ಕಲ್ಲಾದ ಹುರುಪೆಯ ಗುರುತು

ನಮ್ಮ ವಾಚಕರಲ್ಲಿ ಮೀನು ತಿನ್ನುವವರೂ ಉಂಟು, ತಿನ್ನದವರೂ ಉಂಟು. ಈ ಸಲ ನಾವು ಹೇಳಹೊರಟ ಮೀನು ಮಾತ್ರ ಯಾರ ಮಡಿಗೂ ಭಂಗ ತರುವಂಥದಲ್ಲ. ಅದು ಸತ್ತು 6 ಕೋಟಿಗೂ ಮಿಕ್ಕಿ ವರ್ಷಗಳಾದುವು.

ಮುಂಬಯಿ, ಪುಣೆಗಳ ಕರಿಕಲ್ಲೂ ನಮ್ಮ ಬೆಳಗಾವಿ, ವಿಜಯಪುರಗಳ ಕರಿಕಲ್ಲೂ ಆ ಕಾಲದಲ್ಲಿ ನೆಲ ಬಿರಿದು ಹರಿದ ಲಾವಾರಸ ಆರಿ ಆದದ್ದು. ಕರಿಕಲ್ಲಿನೊಳಗೆ ಮೀನು ಸಿಕ್ಕದು. ಆದರೆ ಅದರ ಅಡಿಯಲ್ಲಿಯೂ ಪದರಗಳ ನಡುವೆಯೂ ಅಲ್ಲಲ್ಲಿ ಹಳೆಯ ಕೆರೆಗಳ ಕೆಸರು ಗಟ್ಟಿಯಾಗಿ ಉಳಿದಿದೆ. ಅದನ್ನು ನೆನೆಯಿಸಿ ಜರಡಿ ಹಿಡಿದರೆ ಉಗುರಿಗಿಂತ ಚಿಕ್ಕ ಚೂರುಗಳು ದೊರೆಯುವುದುಂಟು. ಅವುಗಳ ಗುರುತು ಹಿಡಿಯುವುದು ಹೇಗೆ?

ಮಾರುಕಟ್ಟೆಯ ರೋಹು ಮೀನಿನ ಹುರುಪೆ ತೆಳು, ದುಂಡು. ಮೇಲೆ ಬಳೆಯಂಥ ಗೆರೆಗಳು. ಈ ಕೆರೆಗೆಸರಿನ ಹುರುಪೆಯಾದರೋ ಶಂಕರಪೋಳಿಯಂತೆ ಓರೆ ಚೌಕ, ದಪ್ಪ, ಹಲ್ಲಿನಂತೆ ಹೊಳಪು. ಕೆಲವದರ ಅಂಚಿನಲ್ಲಿ ಪುಟ್ಟ ಗೂಟವಿರುತ್ತದೆ. ಮಂಗಳೂರು ಹೆಂಚುಗಳು ಒಂದನ್ನೊಂದು ಹಿಡಿದುಕೊಳ್ಳುವಂತೆ ಅದು ನೆರೆಯ ಹುರುಪೆಯ ಗುಳಿಯಲ್ಲಿ ಕೂರುತ್ತಿತ್ತು. ಮೊಸಳೆಯ ಬೆನ್ನಿನ ಎಲುಬಿನ ಬಿಲ್ಲೆಗಳೂ ಇಂಥ ಪದರಗಳಲ್ಲಿ ಸಿಗುತ್ತವೆ; ಮೋಸಹೋಗಬಾರದು. ಅವುಗಳ ಮೈಯೆಲ್ಲ ಕುಳಿಕುಳಿ, ಈ ಹೊಳಪಿಲ್ಲ.

ಹೊಳೆಯುವ ಓರೆ ಚೌಕದ ಒಡೆಯ ಗಾರ್ ಎಂಬ ಮೀನು. ಮಹಾರಾಷ್ಟ್ರದ ಡೊಂಗರಗಾಂವದಲ್ಲಿ ದೊರೆತ ಅದರ ಅವಶೇಷಗಳನ್ನು ಪರೀಕ್ಷಿಸಿ, 1908ರಲ್ಲಿ ಆರ್ಥರ್ ಸ್ಮಿತ್ ವುಡ್‌ವರ್ಡ್ ಎಂಬ ವಿದ್ವಾಂಸರು ಆ ಜಾತಿಗೆ ‘ಇಂಡಿಕಸ್’ ಎಂದು ನಮ್ಮ ದೇಶದ ಹೆಸರನ್ನೇ ಇಟ್ಟರು. ಹೈದರಾಬಾದಿನ ಪಶ್ಚಿಮಕ್ಕಿರುವ ನಸ್ಕಲ್ ಊರಿನ ಬಳಿಯೂ ಗಾರ್ ಹುರುಪೆಗಳು ಸಿಕ್ಕಿವೆ. ಇಂದು ಈ ಕುಲದ ಸಹಜ ನೆಲೆ ಉತ್ತರ, ಮಧ್ಯ ಅಮೆರಿಕ ಮತ್ತು ಕ್ಯೂಬಾ ಮಾತ್ರ. ಇಲ್ಲಿನ ವಂಶ ಅಳಿದುಹೋಯಿತು. ಅದು ಇಲ್ಲಿಯೂ ಬಾಳಿತ್ತೆಂಬುದಕ್ಕೆ ಇಂಥ ಚೂರುಗಳೇ ಸಾಕ್ಷಿ.

ಆದರೆ ಸಾಕ್ಷಿಗೆ ಊರು ಬೇಕು. ಯಾವ ಸ್ಥಳ, ಯಾವ ಪದರವೆಂದು ಬರೆದಿಡದ ಹುರುಪೆ ವಿಳಾಸ ಹರಿದುಹೋದ ಕಾಗದವಿದ್ದಂತೆ: ಬರೆದವರಾರೆಂದು ತಿಳಿದೀತು, ಎಲ್ಲಿಂದ ಬಂತೆಂದು ತಿಳಿಯದು. ರಸ್ತೆಗೆಂದು ಗುಡ್ಡ ಕಡಿದಾಗ ಪದರವೇ ಹೋಗುತ್ತದೆ. ಮತ್ತೆ ಹುಡುಕಲು ಜಾಗವೂ ಉಳಿಯುವುದಿಲ್ಲ.

ಆದುದರಿಂದ ತಂದೆತಾಯಿಗಳಲ್ಲಿ ನಮ್ಮದೊಂದು ಬಿನ್ನಹ. ರಜೆಯಲ್ಲಿ ಗುಡ್ಡ ಸುತ್ತುವ ಮಕ್ಕಳ ಕಣ್ಣಿಗೆ ಇಂಥದೇನಾದರೂ ಬಿದ್ದರೆ ತಿಕ್ಕಿ ತೊಳೆಯಲು, ಕೆರೆದು ನೋಡಲು ಬಿಡಬೇಡಿರಿ. ಹತ್ತಿಯಲ್ಲಿ ಸುತ್ತಿಡಿಸಿ, ಸ್ಥಳವನ್ನೂ ದಿನವನ್ನೂ ಅವರ ಕೈಯಿಂದಲೇ ಚೀಟಿಯಲ್ಲಿ ಬರೆಯಿಸಿರಿ. ಆಮೇಲೆ ಹತ್ತಿರದ ಕಾಲೇಜಿನ ಭೂವಿಜ್ಞಾನದ ಅಧ್ಯಾಪಕರಿಗೆ ತೋರಿಸಿರಿ.